ಪುಟ್ಟ ವಿಡಿಯೋ ಕ್ಯಾಮೆರಾಕ್ಕೆ ಅಲ್ಟ್ರಾ ವೈಡ್ ಲೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಲ್ಲಿ ಹಿಡಿದು ಮಾತಾಡುವಂಥ ಪುಟ್ಟ ಕ್ಯಾಮೆರಾಗಳು ಈಗ ತುಂಬ ಮನೆಗಳಿಗೆ ಬಂದಿವೆ. ಅಡುಗೆ ತೋರಿಸುವವರು, ಊರೂರು ಸುತ್ತುವವರು, ಮನೆಯ ನಾಮಕರಣ, ಗೃಹಪ್ರವೇಶವನ್ನು ತಾವೇ ತೆಗೆಯುವವರು, ಎಲ್ಲರಿಗೂ ಒಂದಲ್ಲ ಒಂದು ದಿನ ಫ್ರೇಮ್ ಸಾಲದೆ ಹೋಗುತ್ತದೆ. ನಾನು ಬಳಸುವುದು ಸೋನಿ ಜೆಡ್‌ವಿ-ಇ10. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಜನ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಬೇರೆ ಕ್ಯಾಮೆರಾ ಇರುವವರಿಗೂ ಲೆಕ್ಕ ಇದೇ.

ಕ್ಯಾಮೆರಾ ಜೊತೆ 16-50 ಲೆನ್ಸ್ ಬಂದಿದೆ. 16 ಅಂದರೆ ವೈಡ್ ಅಲ್ವಾ? ಆದರೂ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ ಯಾಕೆ?

ಲೆನ್ಸಿನ ಎಂಎಂ ಅಂಕಿ ಕಮ್ಮಿಯಾದಷ್ಟೂ ಅದು ಹೆಚ್ಚು ಅಗಲ, ಅಂದರೆ ವೈಡ್. ಆದರೆ ಲೆನ್ಸ್ ಮೇಲೆ ಬರೆದ ಆ ಅಂಕಿಯನ್ನು ಒಂಟಿಯಾಗಿ ನೋಡಿದರೆ ಮೋಸ ಹೋಗುತ್ತೇವೆ. ಈ ಕ್ಯಾಮೆರಾದ ಸೆನ್ಸರ್ ಎಪಿಎಸ್-ಸಿ ಅಳತೆಯದು, ಅಂದರೆ 36 ಎಂಎಂ ಅಗಲದ ಫುಲ್ ಫ್ರೇಮ್ ಸೆನ್ಸರಿಗಿಂತ ಚಿಕ್ಕದು. ಅದಕ್ಕೆ ಲೆನ್ಸಿನ ಎಂಎಂ ಅನ್ನು 1.5ರಿಂದ ಗುಣಿಸಬೇಕು. 16 ಎಂಎಂ ಅನ್ನುವುದು ಫುಲ್ ಫ್ರೇಮ್ ಲೆಕ್ಕದಲ್ಲಿ 24 ಎಂಎಂ ಆಗುತ್ತದೆ.

ಕೈ ಚಾಚಿ ಕ್ಯಾಮೆರಾ ಹಿಡಿದರೆ ಮುಖಕ್ಕೂ ಲೆನ್ಸಿಗೂ ಸುಮಾರು 60 ಸೆಂಟಿಮೀಟರ್ ದೂರ. ಅಲ್ಲಿ 24 ಎಂಎಂಗೆ ಕಾಣುವ ಜಾಗ 90 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಎತ್ತರ. ತಲೆ, ಹೆಗಲು, ಪಕ್ಕದಲ್ಲಿ ಸ್ವಲ್ಪ ಜಾಗ, ಅಷ್ಟೇ. ಇದಾದರೂ ಪರವಾಗಿಲ್ಲ. ಆದರೆ ನಡೆಯುವಾಗ ಅಲುಗಾಡಬಾರದೆಂದು ಮೆನುವಿನಲ್ಲಿ ಆಕ್ಟಿವ್ ಸ್ಟೆಡಿಶಾಟ್ ಹಾಕುತ್ತೇವಲ್ಲ, ಅದು ನಾಲ್ಕೂ ಕಡೆಯಿಂದ ಚಿತ್ರವನ್ನು ಕತ್ತರಿಸುತ್ತದೆ. ಸುಮಾರು 1.4 ಪಟ್ಟು. ಆಗ 24 ಹೋಗಿ 34ರ ಹತ್ತಿರ ಬಂತು. ಅಗಲ 63 ಸೆಂಟಿಮೀಟರಿಗೆ ಇಳಿಯಿತು. ಹಿಂದೆ ಇರುವ ಜಾತ್ರೆ, ತೇರು, ಜನ ಎಲ್ಲ ಮುಖದ ಹಿಂದೆಯೇ ಉಳಿಯುತ್ತದೆ.

ಅದೇ ಜಾಗದಲ್ಲಿ 11 ಎಂಎಂ ಲೆನ್ಸ್ ಇದ್ದರೆ ಫುಲ್ ಫ್ರೇಮ್ ಲೆಕ್ಕದಲ್ಲಿ 16.5. ಅಗಲ 1.3 ಮೀಟರ್. ಅದಕ್ಕೆ ಆಕ್ಟಿವ್ ಹಾಕಿದರೂ 23ರ ಆಸುಪಾಸು ನಿಲ್ಲುತ್ತದೆ, ಅಂದರೆ ಈಗ ನಿಮ್ಮ 16-50 ಏನೂ ಕತ್ತರಿಸದೆ ಕೊಡುವಷ್ಟು. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಅರ್ಧ ಗೊಂದಲ ಹೋಗುತ್ತದೆ. ಕತ್ತರಿಸಿದ ಮೇಲೆ ಎಷ್ಟು ಉಳಿಯುತ್ತದೆ ಅನ್ನುವುದನ್ನು ನೋಡಿ ಲೆನ್ಸ್ ಆರಿಸಬೇಕು.

4ಕೆಗೆ ಹಾಕಿದರೆ ಚಿತ್ರ ಇನ್ನೂ ಹತ್ತಿರ ಬರುತ್ತದೆ. ಕ್ಯಾಮೆರಾ ಕೆಟ್ಟಿದೆಯಾ?

ಕೆಟ್ಟಿಲ್ಲ. ಜೆಡ್‌ವಿ-ಇ10ರಲ್ಲಿ 4ಕೆಯನ್ನು ಸೆಕೆಂಡಿಗೆ 30 ಫ್ರೇಮ್‌ನಲ್ಲಿ ತೆಗೆದರೆ ಸೆನ್ಸರಿನ ಅಂಚು ಬಿಟ್ಟುಹೋಗುತ್ತದೆ, 1.23 ಪಟ್ಟು. 24 ಎಂಎಂ ಇದ್ದದ್ದು 29.5 ಆಗುತ್ತದೆ. ಹೊಸ ಲೆನ್ಸ್ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಮೆನುವಿನಲ್ಲಿ ಎನ್‌ಟಿಎಸ್‌ಸಿ ಬದಲು ಪಾಲ್ ಆರಿಸಿ (ಇವು ಟಿವಿಯ ಎರಡು ಪದ್ಧತಿಗಳು), 25 ಫ್ರೇಮ್‌ಗೆ ಹಾಕಿ. ಅಲ್ಲಿ ಈ ಕತ್ತರಿ ಇಲ್ಲ. ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡಲು ಕ್ಯಾಮೆರಾ ಕೇಳಬಹುದು, ಹಳೆಯ ವಿಡಿಯೋ ಮೊದಲೇ ತೆಗೆದಿಟ್ಟುಕೊಳ್ಳಿ.

ಇದರಿಂದ ಇನ್ನೊಂದು ಲಾಭವೂ ಇದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. 30 ಫ್ರೇಮ್, 1/60 ಶಟರ್‌ನಲ್ಲಿ ತೆಗೆದರೆ ಆ ಮಿನುಗು ಪಟ್ಟೆಪಟ್ಟೆಯಾಗಿ ಕಾಣಬಹುದು. 25 ಫ್ರೇಮ್, 1/50 ಶಟರ್ ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಕ್ಕಿ ಬೆಳಕು ಸಮನಾಗಿರುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಅಗಲವೂ ಸಿಕ್ಕಿತು, ಮಿನುಗೂ ಹೋಯಿತು.

ಹಾಗಾದರೆ ನನಗೆ ಎಷ್ಟು ಅಗಲ ಬೇಕು ಅಂತ ಹೇಗೆ ಗೊತ್ತು ಮಾಡಿಕೊಳ್ಳುವುದು?

ಟೇಪು ಹಿಡಿದು ಅಳೆಯಿರಿ. ಕ್ಯಾಮೆರಾದಿಂದ ವಸ್ತುವಿಗೆ ಇರುವ ದೂರವನ್ನು 36ರಿಂದ ಗುಣಿಸಿ, ಫುಲ್ ಫ್ರೇಮ್ ಲೆಕ್ಕದ ಎಂಎಂನಿಂದ ಭಾಗಿಸಿ. ಬಂದದ್ದು ಅಗಲ. ಎತ್ತರ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ.

ನಮ್ಮ ಅತ್ತೆ ಕೋಡುಬಳೆ ಮಾಡುವುದನ್ನು ತೆಗೆಯಲು ಹೋದಾಗ ಈ ಲೆಕ್ಕ ನನಗೆ ಮನದಟ್ಟಾಯಿತು. ಅವರ ಅಡುಗೆಮನೆಯಲ್ಲಿ ಕಟ್ಟೆಗೂ ಎದುರಿನ ಗೋಡೆಗೂ ನಡುವೆ ಇರುವುದು ನಾಲ್ಕೇ ಅಡಿ. ಬೆನ್ನು ಗೋಡೆಗೆ ತಾಗಿಸಿ ನಿಂತರೂ 24 ಎಂಎಂಗೆ ಆರು ಅಡಿ ಅಗಲ, ಮೂರೂಕಾಲು ಅಡಿ ಎತ್ತರ. ಒಲೆ ಸೇರಿಸಿದರೆ ತಲೆ ಅಂಚಿಗೆ ತಾಗುತ್ತಿತ್ತು, ತಲೆಗೆ ಜಾಗ ಬಿಟ್ಟರೆ ಬಾಣಲೆ ಅರ್ಧ ಹೋಗುತ್ತಿತ್ತು. 16.5 ಎಂಎಂಗೆ ಅದೇ ಗೋಡೆಯಿಂದ ಎಂಟೂಮುಕ್ಕಾಲು ಅಡಿ ಅಗಲ, ಐದು ಅಡಿಯ ಹತ್ತಿರ ಎತ್ತರ. ಅತ್ತೆ, ಒಲೆ, ಹಿಟ್ಟಿನ ಪಾತ್ರೆ, ಪಕ್ಕದಲ್ಲಿ ಕೈ ಹಾಕಲು ಬಂದ ಮೊಮ್ಮಗಳು, ಎಲ್ಲರೂ ಬಂದರು.

ನೀವು ತೆಗೆಯುವ ಜಾಗಗಳಲ್ಲಿ ಅತಿ ಇಕ್ಕಟ್ಟಾದದ್ದು ಯಾವುದೋ ಅದನ್ನು ಅಳೆಯಿರಿ. ಅಡುಗೆಮನೆಯೋ, ಕಾರಿನ ಮುಂದಿನ ಸೀಟೋ, ಯಕ್ಷಗಾನದ ಚೌಕಿಯೋ. ಅದಕ್ಕೆ ಸಾಲುವ ಲೆನ್ಸ್ ಉಳಿದದ್ದಕ್ಕೂ ಸಾಲುತ್ತದೆ.

ಜೂಮ್ ತಗೊಳ್ಳಲಾ, ಒಂದೇ ಎಂಎಂ ಇರುವ ಪ್ರೈಮ್ ತಗೊಳ್ಳಲಾ?

ಒಬ್ಬರೇ ಕ್ಯಾಮೆರಾ ಹಿಡಿದು ಮಾತಾಡುವವರಿಗೆ, ಮನೆಯೊಳಗೆ ಜಾಸ್ತಿ ತೆಗೆಯುವವರಿಗೆ ನಾನು ಹೇಳುವುದು ಸೋನಿಯ 11 ಎಂಎಂ ಎಫ್ 1.8 (ಎಫ್ ಅಂಕಿ ಕಮ್ಮಿಯಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ). 2022ರಲ್ಲಿ ಬಂತು. ತೂಕ 181 ಗ್ರಾಂ. 15 ಸೆಂಟಿಮೀಟರ್ ಹತ್ತಿರದ ವಸ್ತುವಿಗೂ ಫೋಕಸ್ ಆಗುತ್ತದೆ. ನನ್ನ ಕ್ಯಾಮೆರಾದಿಂದ ನಾನು ಕಳಚುವುದೇ ಅಪರೂಪ.

ಅದೇ ವರ್ಷ ಬಂದ ಸೋನಿ 10-20 ಎಂಎಂ ಎಫ್ 4 ಪವರ್ ಜೂಮ್ ಇನ್ನೂ ಹಗುರ, 178 ಗ್ರಾಂ. ಜೂಮ್ ಮಾಡಿದಾಗ ಲೆನ್ಸಿನ ಉದ್ದ ಬದಲಾಗುವುದಿಲ್ಲ, ಒಳಗೇ ಸರಿಯುತ್ತದೆ. ಗಿಂಬಲ್ (ಅಲುಗಾಟ ತಡೆಯುವ ಮೋಟಾರಿನ ಹಿಡಿಕೆ) ಮೇಲೆ ಇಡುವವರಿಗೆ ಇದು ದೊಡ್ಡ ಅನುಕೂಲ. ಜೂಮ್ ಮಾಡಿದಾಗಲೆಲ್ಲ ಮತ್ತೆ ಬ್ಯಾಲೆನ್ಸ್ ಮಾಡುತ್ತ ಕೂರಬೇಕಿಲ್ಲ. ಹಗಲು ಹೊತ್ತು ಹೊರಗೆ ತೆಗೆಯುವವರಿಗೆ, ಪ್ರವಾಸದ ವಿಡಿಯೋ ಮಾಡುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಬೆಳಕೂ ಬೇಕು, ಜೂಮೂ ಬೇಕು ಅನ್ನುವವರಿಗೆ ಎರಡು ದಾರಿ. ಸಿಗ್ಮಾ 10-18 ಎಂಎಂ ಎಫ್ 2.8, 2023ರದ್ದು, 260 ಗ್ರಾಂ. ಟ್ಯಾಮ್ರಾನ್ 11-20 ಎಂಎಂ ಎಫ್ 2.8, 2021ರದ್ದು, 335 ಗ್ರಾಂ. ನನ್ನ ಒಲವು ಸಿಗ್ಮಾ ಕಡೆ. ತುದಿಯಲ್ಲಿ ಆ ಒಂದು ಎಂಎಂ ಚಿಕ್ಕದೆಂದು ಅನಿಸಬಹುದು. ಅಲ್ಟ್ರಾ ವೈಡ್‌ನಲ್ಲಿ 11ಕ್ಕೂ 10ಕ್ಕೂ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ. 50ಕ್ಕೂ 51ಕ್ಕೂ ಏನೂ ಗೊತ್ತಾಗುವುದಿಲ್ಲ, ಇಲ್ಲಿ ಗೊತ್ತಾಗುತ್ತದೆ.

ಸಿಗ್ಮಾ 16 ಎಂಎಂ ಎಫ್ 1.4 ಬಗ್ಗೆ ತುಂಬ ಜನ ಕೇಳುತ್ತಾರೆ. ಒಳ್ಳೆಯ ಲೆನ್ಸ್, ಚಿತ್ರ ಚೆನ್ನಾಗಿ ಬರುತ್ತದೆ. ಆದರೆ ಅದು ಮತ್ತೆ 24 ಎಂಎಂ ಅಲ್ವಾ? ನಿಮ್ಮ ಬಳಿ ಇರುವ ಅಗಲಕ್ಕಿಂತ ಒಂದಿಂಚೂ ಜಾಸ್ತಿ ಸಿಗುವುದಿಲ್ಲ. ಜೊತೆಗೆ ಅದರ ತೂಕ 405 ಗ್ರಾಂ. ಬ್ಯಾಟರಿ, ಕಾರ್ಡ್ ಸೇರಿ ಕ್ಯಾಮೆರಾವೇ 343 ಗ್ರಾಂ. ಕೈ ಚಾಚಿ ಹತ್ತು ನಿಮಿಷ ಹಿಡಿದು ನೋಡಿ, ಮುಂದಕ್ಕೆ ಜಗ್ಗುವ ಭಾರ ಮಣಿಕಟ್ಟಿಗೆ ತಿಳಿಯುತ್ತದೆ.

ಎಫ್ 4 ಸಾಕಾಗುವುದಿಲ್ಲವಾ? ಎಫ್ 1.8 ಬೇಕೇ ಬೇಕಾ?

ಎಫ್ 4ಕ್ಕಿಂತ ಎಫ್ 1.8ರಲ್ಲಿ ಸುಮಾರು ಐದು ಪಟ್ಟು ಬೆಳಕು ಒಳಗೆ ಬರುತ್ತದೆ. ಎಫ್ 2.8ಕ್ಕೆ ಎರಡು ಪಟ್ಟು. ಫೋಟೋ ಆದರೆ ಶಟರ್ ನಿಧಾನ ಮಾಡಿ ತಪ್ಪಿಸಿಕೊಳ್ಳಬಹುದು, ವಿಡಿಯೋದಲ್ಲಿ ಶಟರ್ 1/50ಕ್ಕೇ ಕಟ್ಟಿಹಾಕಿರುತ್ತೇವೆ. ಹಾಗಾಗಿ ಉಳಿಯುವುದು ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸುವುದು ಒಂದೇ. ಏರಿಸಿದಷ್ಟೂ ನೆರಳಿನ ಜಾಗದಲ್ಲಿ ಕಾಳು ಕಾಳು ಕಾಣುತ್ತದೆ.

ಬೇಲೂರಿನ ಚೆನ್ನಕೇಶವ ಗುಡಿಯ ಹೊರಗೋಡೆಗೆ ಹಗಲಲ್ಲಿ ಎಫ್ 4 ಧಾರಾಳ ಸಾಕು. ಅದೇ ಗುಡಿಯ ನವರಂಗದೊಳಗೆ ಕಾಲಿಟ್ಟರೆ ಕಂಬಗಳ ನಡುವೆ ಬೆಳಕು ಬಹಳ ಕಮ್ಮಿ. ಯಕ್ಷಗಾನದ ಚೌಕಿ ಇನ್ನೂ ಒಳ್ಳೆಯ ಉದಾಹರಣೆ. ಕೆಲವೇ ಬಲ್ಬು, ಸಾಲಾಗಿ ಕೂತು ಬಣ್ಣ ಹಚ್ಚಿಕೊಳ್ಳುವ ಕಲಾವಿದರು, ಸುತ್ತ ವೇಷದ ಪೆಟ್ಟಿಗೆಗಳು. ನಿಮಗೆ ಹಿಂದೆ ಸರಿಯಲು ಜಾಗ ಇರುವುದಿಲ್ಲ, ಲೈಟ್ ಹಾಕಿ ಅವರಿಗೆ ತೊಂದರೆ ಕೊಡಲೂಬಾರದು. ಅಗಲ, ಬೆಳಕು ಎರಡೂ ಒಟ್ಟಿಗೆ ಬೇಕಾಗುವ ಜಾಗ ಅದು. ಅಲ್ಲಿ ಎಫ್ 1.8 ಇಲ್ಲದೆ ನಾನು ಹೋಗುವುದಿಲ್ಲ.

ಹಿನ್ನೆಲೆ ಮಸುಕಾಗಲಿ ಅಂತ ಎಫ್ 1.8 ಕೊಳ್ಳುವವರಿಗೆ ಮಾತ್ರ ನಿರಾಸೆ ಆಗುತ್ತದೆ. ಇಷ್ಟು ವೈಡ್ ಲೆನ್ಸಿನಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಇರುತ್ತದೆ. ತೀರಾ ಹತ್ತಿರ ಹಿಡಿದ ವಸ್ತುವಿಗೆ ಮಾತ್ರ ಹಿಂದೆ ಮಸುಕು ಬರುತ್ತದೆ.

ನನ್ನದು ಸೋನಿ ಅಲ್ಲ. ನನಗೆ ಯಾವುದು?

ಕ್ಯಾನನ್ ಆರ್50 ಇದ್ದರೆ ಗುಣಿಸುವ ಅಂಕಿ 1.6. ಅದಕ್ಕೆ 2023ರಲ್ಲಿ ಬಂದ ಆರ್‌ಎಫ್-ಎಸ್ 10-18 ಎಂಎಂ ಬರೀ 150 ಗ್ರಾಂ, ಅಲುಗಾಟ ತಡೆಯುವ ವ್ಯವಸ್ಥೆ ಲೆನ್ಸಿನೊಳಗೇ ಇದೆ. ಬೆಳಕು ಮಾತ್ರ ಕಮ್ಮಿ, ಎಫ್ 4.5ರಿಂದ 6.3. ನಿಕಾನ್ ಜೆಡ್30ಕ್ಕೆ 12-28 ಎಂಎಂ ಪವರ್ ಜೂಮ್ ಇದೆ, 205 ಗ್ರಾಂ, ಫುಲ್ ಫ್ರೇಮ್ ಲೆಕ್ಕದಲ್ಲಿ 18ರಿಂದ 42. ಫ್ಯೂಜಿಯವರಿಗೆ 8 ಎಂಎಂ ಎಫ್ 3.5 ಇದೆ, ಅಂದರೆ 12. ತೀರಾ ಅಗಲ ಅದು. ಮುಖ ತೋರಿಸಿ ಮಾತಾಡಲು ಬೇಡ, ಕಟ್ಟಡದ ಒಳಾಂಗಣಕ್ಕೆ ಚೆಂದ.

ಪ್ಯಾನಸೋನಿಕ್, ಒಲಿಂಪಸ್‌ನ ಮೈಕ್ರೋ ಫೋರ್ ಥರ್ಡ್ಸ್ ಇದ್ದವರು ಎರಡರಿಂದ ಗುಣಿಸಬೇಕು. ಅವರಿಗೆ ಪ್ಯಾನಸೋನಿಕ್ ಲೈಕಾ 9 ಎಂಎಂ ಎಫ್ 1.7 ಇದೆ. 130 ಗ್ರಾಂ ತೂಕ, ಒಂಬತ್ತೂವರೆ ಸೆಂಟಿಮೀಟರಿಗೆ ಫೋಕಸ್. ಈ ಪಟ್ಟಿಯಲ್ಲಿ ನನಗೆ ಅಸೂಯೆ ಹುಟ್ಟಿಸುವ ಲೆನ್ಸ್ ಅಂದರೆ ಇದೇ.

ಮುಂದೆ ಫುಲ್ ಫ್ರೇಮ್ ಕ್ಯಾಮೆರಾ ತಗೊಳ್ಳುವ ಆಸೆ ಇದೆ. ಈಗಲೇ ಫುಲ್ ಫ್ರೇಮ್ ಲೆನ್ಸ್ ಕೊಂಡರೆ?

16-35 ಎಂಎಂ ಕೊಂಡರೆ ನಿಮ್ಮ ಈಗಿನ ಕ್ಯಾಮೆರಾದಲ್ಲಿ ಅದು 24ರಿಂದ ಶುರು. ಫುಲ್ ಫ್ರೇಮ್ ಲೆನ್ಸ್ ಅಂತ ಗುಣಾಕಾರ ತಪ್ಪುವುದಿಲ್ಲ. ದುಡ್ಡು ಜಾಸ್ತಿ, ತೂಕ ಜಾಸ್ತಿ, ಅಗಲ ಮಾತ್ರ ಇದ್ದಷ್ಟೇ. ಇವತ್ತಿನ ಕ್ಯಾಮೆರಾಕ್ಕೆ ಇವತ್ತಿನ ಲೆನ್ಸ್ ಕೊಳ್ಳಿ. ಮುಂದೆ ಬದಲಾಯಿಸುವಾಗ ಮಾರಬಹುದು.

ಮ್ಯಾನ್ಯುಯಲ್ ಫೋಕಸ್ ಲೆನ್ಸ್ ಅಗ್ಗಕ್ಕೆ ಸಿಗುತ್ತದೆ. ತಗೊಳ್ಳಬಹುದಾ?

ಕ್ಯಾಮೆರಾವನ್ನು ಒಂದು ಕಡೆ ನಿಲ್ಲಿಸಿ ತೆಗೆಯುವವರಿಗೆ ಖಂಡಿತ ಆಗುತ್ತದೆ. ಲಾವೋವಾ 9 ಎಂಎಂ ಎಫ್ 2.8 ಅಂಥದ್ದು. ನೇರ ಗೆರೆಗಳನ್ನು ನೇರವಾಗಿಯೇ ತೋರಿಸುತ್ತದೆ. ಅದನ್ನು ಸುಮಾರು ಒಂದೂವರೆ ಮೀಟರಿಗೆ ಫೋಕಸ್ ಮಾಡಿ ಬಿಟ್ಟರೆ, ಮುಕ್ಕಾಲು ಮೀಟರಿನಿಂದ ಹಿಡಿದು ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟ. ಮತ್ತೆ ರಿಂಗ್ ಮುಟ್ಟಬೇಕಿಲ್ಲ. ಒಂದು ಸಣ್ಣ ಟೇಪು ಅಂಟಿಸಿ ಆ ಜಾಗ ಗುರುತು ಮಾಡಿಕೊಳ್ಳಿ.

ಆದರೆ ಕೈ ಚಾಚಿ ಮುಖ ತೆಗೆಯುವವರು ಇರುವುದು 60 ಸೆಂಟಿಮೀಟರ್ ದೂರದಲ್ಲಿ, ಆ ಮುಕ್ಕಾಲು ಮೀಟರಿನ ಒಳಗೆ. ಆಟೋ ಫೋಕಸ್ ಇಲ್ಲದೆ ಮುಖ ಮಸುಕಾಗುವ ಸಾಧ್ಯತೆ ಇದೆ. ಇಂಥ ಲೆನ್ಸನ್ನು ಕ್ಯಾಮೆರಾ ಗುರುತಿಸುವುದೂ ಇಲ್ಲ, ಮೆನುವಿನಲ್ಲಿ ಲೆನ್ಸ್ ಇಲ್ಲದೆ ಶಟರ್ ಬಿಡುವ ಆಯ್ಕೆಯನ್ನು ಆನ್ ಮಾಡಿಡಬೇಕು.

ಮೂಗು ದಪ್ಪ ಕಾಣುತ್ತದೆ, ಪಕ್ಕದಲ್ಲಿ ಕೂತವರು ಊದಿಕೊಂಡಂತೆ ಕಾಣುತ್ತಾರೆ. ಲೆನ್ಸಿನ ದೋಷವಾ?

ಎರಡಕ್ಕೂ ಬೇರೆ ಬೇರೆ ಕಾರಣ. ಮೂಗು ದೊಡ್ಡದಾಗುವುದು ಕ್ಯಾಮೆರಾ ಎಷ್ಟು ದೂರದಲ್ಲಿದೆ ಅನ್ನುವುದರಿಂದ. ಲೆನ್ಸ್ ಮುಖಕ್ಕೆ ತೀರಾ ಹತ್ತಿರ ಇದ್ದಾಗ ಮೂಗಿಗೂ ಕಿವಿಗೂ ಇರುವ ಅಂತರವೇ ದೊಡ್ಡದಾಗುತ್ತದೆ. ಒಂದು ಚಿಕ್ಕ ಹಿಡಿಕೆ ಸಿಕ್ಕಿಸಿ ಕ್ಯಾಮೆರಾವನ್ನು ಇನ್ನೊಂದು ಗೇಣು ದೂರ ಒಯ್ಯಿರಿ, ಮುಖ ಸರಿಹೋಗುತ್ತದೆ.

ಅಂಚಿನವರು ಅಗಲವಾಗುವುದು ಬೇರೆ. ನೇರ ಗೆರೆಯನ್ನು ನೇರವಾಗಿ ಉಳಿಸಬೇಕಾದರೆ ಲೆನ್ಸ್ ಅಂಚನ್ನು ಹೊರಗೆ ಎಳೆಯಲೇಬೇಕು. 16.5 ಎಂಎಂನಲ್ಲಿ ಎಡ, ಬಲ ತುದಿಗೆ ಬಂದ ತಲೆ ಎತ್ತರಕ್ಕೆ ಹೋಲಿಸಿದರೆ ಒಂದೂವರೆ ಪಟ್ಟು ಅಗಲವಾಗುತ್ತದೆ. ದುಬಾರಿ ಲೆನ್ಸ್ ಆದರೂ ಇದು ತಪ್ಪದು. ನಾಮಕರಣದ ದಿನ ಎಲ್ಲರನ್ನೂ ಸಾಲಾಗಿ ಕೂರಿಸಿ 10 ಎಂಎಂನಲ್ಲಿ ತೆಗೆದರೆ ತುದಿಯಲ್ಲಿ ಕೂತ ಚಿಕ್ಕಮ್ಮ ಬೇಸರ ಮಾಡಿಕೊಳ್ಳುತ್ತಾರೆ, ಅವರ ಬೇಸರದಲ್ಲಿ ನ್ಯಾಯವಿದೆ. ಜನರನ್ನು ನಡುವಿನ ಭಾಗದಲ್ಲಿ ಇಡಿ. ಅಂಚಿಗೆ ಗೋಡೆ, ಬಾಗಿಲು, ತೋರಣ ಇರಲಿ. ಸಾಲನ್ನು ಸ್ವಲ್ಪ ಬಿಲ್ಲಿನಂತೆ ಬಾಗಿಸಿದರೂ ಆಗುತ್ತದೆ, ತುದಿಯವರು ಅರ್ಧ ಹೆಜ್ಜೆ ಹಿಂದೆ.

ಇನ್ನೊಂದು ವಿಷಯ, ಕ್ಯಾಮೆರಾವನ್ನು ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ಕಂಬಗಳೆಲ್ಲ ಓರೆಯಾಗುತ್ತವೆ. ಎದೆಯ ಮಟ್ಟಕ್ಕೆ ಹಿಡಿದು, ಮಟ್ಟಸವಾಗಿ ಇಟ್ಟುಕೊಳ್ಳುವುದು ರೂಢಿಯಾಗಲಿ.

ಇರುವ ಲೆನ್ಸಿನ ಮುಂದೆ ತಿರುಗಿಸಿ ಹಾಕುವ ವೈಡ್ ಕನ್ವರ್ಟರ್ ಸಾಕಲ್ವಾ?

ಬೇಡ. ನಾನು ಮೊದಲು ಕೊಂಡದ್ದು ಅದನ್ನೇ. ನಡುವೆ ಪರವಾಗಿಲ್ಲ, ಅಂಚೆಲ್ಲ ಮಸುಕು, ಬಿಳಿ ಗೋಡೆಯ ಅಂಚಿನಲ್ಲಿ ನೇರಳೆ ಗೆರೆ. ತಂಗಿಯ ಸೀಮಂತದ ವಿಡಿಯೋ ಪೂರ್ತಿ ಹಾಗೆಯೇ ಉಳಿದುಬಿಟ್ಟಿದೆ, ಅದನ್ನು ಮತ್ತೆ ತೆಗೆಯಲು ಆಗುವುದಿಲ್ಲ. ಮೇಲಾಗಿ ಕ್ಯಾಮೆರಾ ಜೊತೆ ಬರುವ 16-50ರ ಮುಂಭಾಗ ಹೊರಗೆ ಚಾಚುವಂಥದ್ದು, ಅದರ ಮೇಲೆ ಗಾಜಿನ ಭಾರ ಹೇರುವುದು ಒಳ್ಳೆಯದಲ್ಲ.

ಲೆನ್ಸ್ ಬದಲಾಯಿಸಲಾಗದ ಕ್ಯಾಮೆರಾ ಇದ್ದವರ ಕಥೆ ಬೇರೆ, ಅವರಿಗೆ ಕನ್ವರ್ಟರ್ ಬಿಟ್ಟರೆ ದಾರಿ ಇಲ್ಲ. ಅಂಥವರು ಅದೇ ಮಾದರಿಗೆಂದು ಮಾಡಿದ ಕನ್ವರ್ಟರ್ ಹುಡುಕಲಿ. ಹೊಸದಾಗಿ ಕೊಳ್ಳುವವರಾದರೆ ಸೋನಿ ಜೆಡ್‌ವಿ-1 ಶುರುವಾಗುವುದು 24ರಿಂದ, ಅದರ ಎರಡನೇ ಆವೃತ್ತಿ 18ರಿಂದ ಅನ್ನುವುದು ಗಮನದಲ್ಲಿರಲಿ.

ಫಿಶ್‌ಐ ಲೆನ್ಸ್ ತಗೊಳ್ಳಬಹುದಾ?

ಗೆರೆಗಳೆಲ್ಲ ಬಾಗುತ್ತವೆ. ಸ್ಕೇಟಿಂಗು, ಬೈಕು, ಒಂದೆರಡು ಶಾಟ್‌ಗೆ ಚೆಂದ. ಮೊದಲ ವೈಡ್ ಲೆನ್ಸ್ ಆಗಿ ಬೇಡ.

ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿದರೆ ಚಿತ್ರದ ಮೇಲೆ ಕಪ್ಪು ಗುಣಾಕಾರ ಚಿಹ್ನೆಯಂತೆ ನೆರಳು ಬರುತ್ತದೆ. ಯಾಕೆ?

ತಿರುಗಿಸಿ ಕಪ್ಪು ಹೆಚ್ಚಿಸುವ ವೇರಿಯಬಲ್ ಎನ್‌ಡಿಯಲ್ಲಿ ಎರಡು ಪೋಲರೈಸರ್ ಗಾಜು ಇರುತ್ತವೆ. ಓರೆಯಾಗಿ ಬರುವ ಬೆಳಕನ್ನು ಅವು ಸಮನಾಗಿ ತಡೆಯುವುದಿಲ್ಲ. ಅಲ್ಟ್ರಾ ವೈಡ್‌ನಲ್ಲಿ ಅಂಚಿನ ಬೆಳಕು ತುಂಬ ಓರೆ, ಅದಕ್ಕೇ ಆ ನೆರಳು. ಗರಿಷ್ಠಕ್ಕೆ ತಿರುಗಿಸದೆ ಇದ್ದರೆ ಕಮ್ಮಿಯಾಗುತ್ತದೆ. ಒಂದೇ ಕಪ್ಪಿನ, ತೆಳು ಚೌಕಟ್ಟಿನ ಎನ್‌ಡಿ ಆದರೆ ಈ ತೊಂದರೆ ಇಲ್ಲ, ನಾನು ಅದನ್ನೇ ಹಾಕುವುದು. ಸುಡುಬಿಸಿಲಲ್ಲಿ 1/50 ಶಟರ್ ಇಟ್ಟು ಎಫ್ 1.8ರಲ್ಲಿ ತೆಗೆಯಬೇಕಾದರೆ ಸುಮಾರು 7 ಸ್ಟಾಪ್ ಬೆಳಕು ತಗ್ಗಿಸಬೇಕು (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ). ಎಫ್ 8ಕ್ಕೆ ಇಳಿಸಿದರೆ 3 ಸ್ಟಾಪ್ ಸಾಕು.

ಆಕಾಶ ನೀಲಿ ಮಾಡಲು ಸುಮ್ನೆ ಪೋಲರೈಸರ್ ಹಾಕುವವರಿಗೂ ಒಂದು ಮಾತು. ಇಷ್ಟು ಅಗಲದಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಡುನೀಲಿಯಾಗಿ, ಉಳಿದದ್ದು ಬೆಳ್ಳಗೆ ಉಳಿಯುತ್ತದೆ.

ಫಿಲ್ಟರ್ ಅಳತೆಯನ್ನೂ (ಎಂಎಂನಲ್ಲಿ ವ್ಯಾಸ) ಮೊದಲೇ ನೋಡಿ. 11 ಎಂಎಂಗೆ 55, ಸೋನಿ 10-20ಕ್ಕೆ 62, ಸಿಗ್ಮಾ 10-18ಕ್ಕೂ ಟ್ಯಾಮ್ರಾನ್ 11-20ಕ್ಕೂ 67. ಒಂದು 67ರ ಫಿಲ್ಟರ್ ಕೊಂಡು ಚಿಕ್ಕ ಲೆನ್ಸುಗಳಿಗೆ ಅಳತೆ ಹೊಂದಿಸುವ ಸ್ಟೆಪ್ ಅಪ್ ರಿಂಗ್ ಹಾಕಿಕೊಂಡರೆ ಖರ್ಚು ಉಳಿಯುತ್ತದೆ.

ನಡೆಯುತ್ತ ತೆಗೆದರೆ ಮೂಲೆಗಳು ಜೆಲ್ಲಿಯಂತೆ ಕುಣಿಯುತ್ತವೆ.

ವೈಡ್ ಲೆನ್ಸಿನಲ್ಲಿ ಕೈ ನಡುಕ ಕಮ್ಮಿ ಕಾಣುತ್ತದೆ, ಅದು ನಿಜ. ಆದರೆ ಸ್ಟೆಬಿಲೈಸೇಶನ್ (ಆಕ್ಟಿವ್‌ನಂಥ ಅಲುಗಾಟ ತಡೆಯುವ ವ್ಯವಸ್ಥೆ) ನಡುವಿನ ಭಾಗವನ್ನು ಸರಿಪಡಿಸುವಾಗ, ಎಳೆದು ಹಿಗ್ಗಿದ ಮೂಲೆಗಳು ಆಚೀಚೆ ಒದ್ದಾಡುತ್ತವೆ. ಜೊತೆಗೆ ಜೆಡ್‌ವಿ-ಇ10ರ ಸೆನ್ಸರ್ 4ಕೆಯಲ್ಲಿ ನಿಧಾನವಾಗಿ ಓದುತ್ತದೆ, ಕ್ಯಾಮೆರಾ ರಭಸದಿಂದ ತಿರುಗಿಸಿದರೆ ಕಂಬಗಳು ವಾಲುತ್ತವೆ. ನಿಧಾನ ತಿರುಗಿಸಿ, ಮಂಡಿ ಸ್ವಲ್ಪ ಬಗ್ಗಿಸಿ ನಡೆಯಿರಿ. ಜಾಸ್ತಿ ನಡೆಯುವವರಾದರೆ ಗಿಂಬಲ್ ಕೊಳ್ಳಿ, ಆಗ ಆಕ್ಟಿವ್ ಆಫ್ ಮಾಡಿ ಪೂರ್ತಿ ಅಗಲ ಬಳಸಬಹುದು.

ಜೋಗಕ್ಕೆ ಹೋಗಿ ಅಲ್ಟ್ರಾ ವೈಡ್‌ನಲ್ಲಿ ತೆಗೆದೆ. ಜಲಪಾತ ದಾರದಷ್ಟು ಕಾಣುತ್ತಿದೆ!

ಜೋಗದ ನೀರು 253 ಮೀಟರ್ ಎತ್ತರದಿಂದ ಬೀಳುತ್ತದೆ. ಎದುರು ದಡದಲ್ಲಿ ನಿಂತು 11 ಎಂಎಂ ಹಾಕಿದರೆ ಅರ್ಧ ಫ್ರೇಮ್ ಆಕಾಶವೇ ತುಂಬಿಕೊಳ್ಳುತ್ತದೆ. ದೂರದ ದೊಡ್ಡ ವಸ್ತುವಿಗೆ ಈ ಲೆನ್ಸ್ ಅಲ್ಲ. ಅಲ್ಲಿ ನಿಮ್ಮ ಹಳೆಯ 16-50ರ 50ರ ತುದಿಯೇ ಒಳ್ಳೆಯದು. ಅಲ್ಟ್ರಾ ವೈಡ್ ಕೆಲಸ ಮಾಡುವುದು ಮುಂದೆ ಏನಾದರೂ ಕೈಗೆಟುಕುವಷ್ಟು ಹತ್ತಿರ ಇದ್ದಾಗ. ಒದ್ದೆ ಕಲ್ಲು, ಕಬ್ಬಿಣದ ಕಟಕಟೆ, ಜೋಳ ಸುಡುವವರ ಕೆಂಡ. ಅದು ಮುಂದೆ ದೊಡ್ಡದಾಗಿ ಬಂದು, ಹಿಂದೆ ಕಣಿವೆ ತೆರೆದುಕೊಂಡಾಗ ಚಿತ್ರಕ್ಕೆ ಆಳ ಬರುತ್ತದೆ.

ವಿಜಯಪುರದ ಗೋಲಗುಮ್ಮಟದ ಒಳಗೆ ನಿಂತರೆ ಇದೇ ಲೆನ್ಸ್ ಬೇರೆಯದೇ ಆಗಿಬಿಡುತ್ತದೆ. ಹೊರವ್ಯಾಸವೇ ಸುಮಾರು 44 ಮೀಟರ್ ಇರುವ ಗುಮ್ಮಟ ತಲೆಯ ಮೇಲಿದೆ. ಅಲ್ಲಿ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನು ನೋಡಬೇಕು?

ಮೊದಲು ಫಂಗಸ್. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸ್ ಆದರೆ ಇನ್ನೂ ಎಚ್ಚರಿಕೆ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೇಡ ಅನ್ನಿ. ಒಂದೆರಡು ಧೂಳಿನ ಕಣ ಪರವಾಗಿಲ್ಲ. ಆಮೇಲೆ ಇಟ್ಟಿಗೆ ಗೋಡೆಯನ್ನು ನೇರವಾಗಿ ಎದುರು ನಿಂತು ತೆಗೆದು, ನಾಲ್ಕು ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ಒಂದೇ ಮೂಲೆ ಮಾತ್ರ ಮಸುಕಾಗಿದ್ದರೆ ಆ ಲೆನ್ಸ್ ಎಲ್ಲೋ ಬಿದ್ದು ಒಳಗಿನ ಗಾಜು ಓರೆಯಾಗಿರುವ ಸಾಧ್ಯತೆ ಇದೆ. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಚರ್ಮದ ಚೀಲದಲ್ಲಿ ಮಾತ್ರ ಬೇಡ.

ಕೊಳ್ಳುವ ಮೊದಲು ಒಂದು ಸಲ ಹಾಕಿ ನೋಡಬೇಕು. ಹೇಗೆ?

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ದಿನದ ಬಾಡಿಗೆಗೆ ಲೆನ್ಸ್ ಕೊಡುವವರಿದ್ದಾರೆ. ಒಂದು ದಿನ ತನ್ನಿ. ಅಂಗಡಿಯ ಮುಂದೆ ಹಾಕಿ ನೋಡುವುದು ಬೇಡ, ನಿಮ್ಮ ಇಕ್ಕಟ್ಟಿನ ಜಾಗಕ್ಕೇ ಒಯ್ಯಿರಿ. ಯಾವಾಗಲೂ ಬಳಸುವ ಸೆಟ್ಟಿಂಗ್ ಹಾಕಿ, ಮೈಕ್ ಸಿಕ್ಕಿಸಿ, ಹುಡ್ ಹಾಕಿ. ಎಷ್ಟೋ ಸಲ ಮೈಕಿನ ತುಪ್ಪಳದ ಕೂದಲು ಫ್ರೇಮಿನ ಮೇಲಂಚಿನಲ್ಲಿ ಇಣುಕುತ್ತದೆ, ಟ್ರೈಪಾಡಿನ ಕಾಲು ಕೆಳಗೆ ಬರುತ್ತದೆ, ಮಧ್ಯಾಹ್ನದ ನಂತರ ನಿಮ್ಮದೇ ನೆರಳು ನಡುವೆ ಬಿದ್ದಿರುತ್ತದೆ. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಇವು ಕಾಣುವುದಿಲ್ಲ. ಸಂಜೆ ಮನೆಯ ಟಿವಿಗೆ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.